ತಟ್ಟೆ ಹಿಡಿದವಳು

೧೨ ಆಗಸ್ಟ್ ೧೯೬೨, ಭಾನುವಾರ

ಇವತ್ತು ಮಹಿಳಾ ಸಮಾಜದಲ್ಲಿ ನನ್ನಿಂದ ದೊಡ್ಡ ಅನಾಹುತವಾಯಿತು. ಬರೆದುಹಾಕಿದರೆ ಮನಸ್ಸು ಹಗುರವಾದೀತು ಎಂದು ಈ ನೋಟ್ ಬುಕ್ ತೆಗೆದಿದ್ದೇನೆ. ಮಕ್ಕಳಿಗೆ ದಿನಚರಿ ಬರೆಯಿರಿ ಎಂದು ಶಾಲೆಯಲ್ಲಿ ಬಡಿದುಕೊಳ್ಳುವ ನಾನು ಸ್ವತಃ ಒಂದು ದಿನವೂ ಬರೆದವಳಲ್ಲ.

ಶ್ರಾವಣದ ಅರಿಶಿನ ಕುಂಕುಮ. ಕುಂಕುಮದ ತಟ್ಟೆ ಹಿಡಿಯುವುದು ಕಾರ್ಯದರ್ಶಿಯ ಕೆಲಸ. ಅವರಿಗೆ ಮಂಡಿನೋವು, ಸಹ ಕಾರ್ಯದರ್ಶಿಯಾದ ನನ್ನ ಕೈಗೆ ಕೊಟ್ಟರು. ತಟ್ಟೆ ಮೊದಲು ಅಧ್ಯಕ್ಷೆಯ ಮುಂದೆ ಹೋಗಬೇಕು, ಆಮೇಲೆ ವಯಸ್ಸು, ಅಂತಸ್ತು ನೋಡಿಕೊಂಡು ಉಳಿದವರ ಮುಂದೆ. ಇದನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಸಾಗರದ ಹೆಂಗಸರಿಗೆಲ್ಲ ಗೊತ್ತು. ಗೇಣಿದಾರ ಭೂತಪ್ಪನ ಮಗಳಾದ ನನಗೆ ಮಾತ್ರ ಗೊತ್ತಿರಲಿಲ್ಲ. ಬಾಗಿಲ ಪಕ್ಕದಲ್ಲಿ ಕೂತಿದ್ದ ಎಂಜಿನಿಯರಮ್ಮನಿಂದ ಶುರು ಮಾಡಿಬಿಟ್ಟೆ. ಆಕೆಯ ಗಂಡ ಶರಾವತಿ ಅಣೆಕಟ್ಟಿನ ಕೆಲಸದಲ್ಲಿದ್ದಾರೆ. ಮೈಸೂರಿನಿಂದ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಅಧ್ಯಕ್ಷೆಯ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದಾರೆ ಎಂದು ಗುಸುಗುಸು. ಅವರು ಹಣೆ ಮುಂದೊಡ್ಡಿ ನಕ್ಕರು. ಅತ್ತ ಅಧ್ಯಕ್ಷೆ ಪುಷ್ಪಮ್ಮನವರು, ಅಕ್ಕಿ ಗಿರಣಿಯ ಸಾಹುಕಾರರ ಹೆಂಡತಿ, ಕೋಸಂಬರಿಯ ಬಟ್ಟಲನ್ನು ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ.

ಹಿಂದಿನ ಕೋಣೆಗೆ ಹೋಗಿ ಅತ್ತುಬಿಟ್ಟೆ. ಅಲ್ಲಿ ಕನ್ನಕ್ಕ ಇದ್ದಳು. ಸಮಾಜದ ಹೊಲಿಗೆ ಕ್ಲಾಸು ನಡೆಸುವ ಕನ್ನಮ್ಮ, ನನಗೆ ಕನ್ನಕ್ಕ. ಕ್ಲಾಸೂ ಅಲ್ಲೇ, ವಾಸವೂ ಅಲ್ಲೇ. ಗಂಡ ಹೋದವಳಾದ್ದರಿಂದ ಕುಂಕುಮದ ದಿನ ಬಾಗಿಲ ಹಿಂದೆಯೇ ಇರುತ್ತಾಳೆ.

"ಎಂತಕ್ಕೆ ಅಳ್ತೀಯೇ ಮೀನಾಕ್ಷಿ? ಯಾರ ಹಣೆಗೆ ಹಚ್ಚಿದ್ರೂ ಕುಂಕುಮ ಕೆಂಪೇ ಅಲ್ವೇನೇ?" ಎಂದಳು.

ಅವಳನ್ನು ಬಿಟ್ಟು ತಟ್ಟೆ ಹಿಡಿದು ಓಡಾಡುವುದೇ ನನಗೆ ಕಷ್ಟ. ಮಲ್ಲಿಗೆ ದಂಡೆಯಿಂದ ಒಂದು ತುಂಡು ಹರಿದು ಕೊಟ್ಟೆ. ಮುಡಿಯಲಿಲ್ಲ. ಮೂಸಿ ನೋಡಿ ಮಿಷನ್ನಿನ ಮೇಲಿಟ್ಟುಕೊಂಡಳು.

೧೯ ಆಗಸ್ಟ್, ಭಾನುವಾರ

ಕನ್ನಕ್ಕನಿಗೆ ಹೊಸ ಹೆದರಿಕೆ ಹುಟ್ಟಿದೆ. ಆ ಹಿಂದಿನ ಕೋಣೆಯಲ್ಲಿ ಲೇಡೀಸ್ ಕ್ಲಬ್ ಮಾಡಬೇಕು, ಕೇರಂ ಬೋರ್ಡ್ ಇಡಬೇಕು ಎಂದು ಎಂಜಿನಿಯರಮ್ಮ ಹೇಳಿಕೊಂಡು ತಿರುಗುತ್ತಿದ್ದಾರಂತೆ. ದಸರಾ ಆದಮೇಲೆ ಸಮಾಜದ ಚುನಾವಣೆ. ಅವರು ಗೆದ್ದರೆ ಹೊಲಿಗೆ ಕ್ಲಾಸು ಹೋಯಿತು. ಪುಷ್ಪಮ್ಮನವರು ಗೆದ್ದರೂ ನೆಮ್ಮದಿಯಿಲ್ಲ, ಅವರಿಗೆ ಅಲ್ಲಿ ಗಿರಣಿಯ ಚೀಲ ಇಡಿಸುವ ಆಸೆ.

"ಈ ಕೋಣೆ ಹೋತು ಅಂದ್ರೆ ನಂಗೆ ಗಂಡನ ಊರು ಅರಳಸುರಳಿಯೇ ಗತಿ. ಮೈದುನನ ಮನೇಲಿ ಅನ್ನಕ್ಕಿಂತ ಮೊದ್ಲು ಬೈಗುಳ ಬಡಿಸ್ತಾರೆ ಕಣೇ," ಎಂದಳು. ಅವಳು ಅಳುವವಳಲ್ಲ. ಸೂಜಿಗೆ ದಾರ ಪೋಣಿಸುವಾಗ ಮೂರು ಸಲ ತಪ್ಪಿದಳು.

ನಾನಿರುವವರೆಗೂ ಈ ಕೋಣೆ ನಿನ್ನದು ಎಂದು ಕೈಮೇಲೆ ಕೈಯಿಟ್ಟು ಹೇಳಿ ಬಂದಿದ್ದೇನೆ. ಹೇಗೆ ಉಳಿಸುತ್ತೇನೋ ದೇವರೇ ಬಲ್ಲ.

೨೬ ಆಗಸ್ಟ್, ಭಾನುವಾರ

ನವೆಂಬರ್ ಒಂದರ ರಾಜ್ಯೋತ್ಸವಕ್ಕೆ ಸಮಾಜದ ನಾಟಕವಾಗಬೇಕು, ನಾನೇ ಬರೆಯಬೇಕು ಎಂದು ಪುಷ್ಪಮ್ಮನವರ ಅಪ್ಪಣೆ. ಶಿಕ್ಷೆಯೋ ಕ್ಷಮೆಯೋ ತಿಳಿಯದು. ಸೀತೆ, ದ್ರೌಪದಿಯರನ್ನು ನೋಡಿ ಸಾಕಾಗಿದೆ, ಬೇರೆ ಏನಾದರೂ ಇರಲಿ ಎಂದರು. ನಮ್ಮ ಹೆಡ್ಮಾಸ್ಟರು ಮುಕುಂದಯ್ಯನವರು ಚೀನಾ ದೇಶದ ಅರಮನೆಯ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದಾರೆ. ಗಡಿಯ ಜಗಳ ಪೇಪರಿನಲ್ಲಿ ಬರುತ್ತಿದೆಯಲ್ಲ ಸಾರ್ ಎಂದರೆ, ಇದು ನೂರು ವರ್ಷದ ಹಿಂದಿನ ರಾಣಿಯರ ಜಗಳ, ಇದಕ್ಕೂ ಅದಕ್ಕೂ ಏನಮ್ಮ ಸಂಬಂಧ ಎಂದು ನಕ್ಕರು.

ಕನ್ನಕ್ಕ ಮಿಷನ್ ತುಳಿಯುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಓದಿ ಅರ್ಥ ಹೇಳುತ್ತೇನೆ. ಎಂಥ ಅರಮನೆ! ಒಬ್ಬ ರಾಜ, ನೂರಾರು ಹೆಂಗಸರು. ಯಾರಿಗೆ ಎಷ್ಟು ದಾಸಿಯರು, ಚಳಿಗಾಲಕ್ಕೆ ಎಷ್ಟು ಬುಟ್ಟಿ ಇದ್ದಿಲು, ಎಲ್ಲವೂ ಅಂತಸ್ತಿನ ಮೇಲೆ. ರಾಜನ ಊಟವಾದ ಮೇಲೆ ಒಬ್ಬ ಸೇವಕ ತಟ್ಟೆಯಲ್ಲಿ ಸಣ್ಣ ಹಲಗೆಚೂರುಗಳನ್ನು ತರುತ್ತಾನೆ. ಒಂದೊಂದರ ಮೇಲೆ ಒಬ್ಬೊಬ್ಬ ರಾಣಿಯ ಹೆಸರು. ರಾಜ ಯಾವುದನ್ನು ಮಗುಚುತ್ತಾನೋ ಅವಳಿಗೆ ಅಂದು ಕರೆ. ಹೆಸರುಗಳನ್ನು ಜೋಡಿಸುವವನು ಮಾತ್ರ ಆ ಸೇವಕ. ಅವನಿಗೆ ಬಳೆ ಬಿಚ್ಚಿ ಕೊಟ್ಟವಳ ಹೆಸರು ಮುಂದೆ, ಕೊಡದವಳದು ಹಿಂದೆ. ಅವಳಿಗೆ ಹುಷಾರಿಲ್ಲ ಎಂದು ಚೂರನ್ನೇ ತೆಗೆದಿಟ್ಟರೆ ವರ್ಷಗಟ್ಟಲೆ ಯಾರೂ ಕೇಳುವುದಿಲ್ಲ.

ಕನ್ನಕ್ಕ ಮಿಷನ್ ನಿಲ್ಲಿಸಿ, "ಹಂಗಾರೆ ರಾಜಂಗಿಂತ ಆ ತಟ್ಟೆ ಹೊರೋನೇ ದೊಡ್ಡೋನಾತಲ್ಲೇ!" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಕೇಳಿದಳು: "ತಟ್ಟೇಲಿ ಹೆಸ್ರೇ ಇಲ್ದೋರು ಎಂತ ಮಾಡ್ತಿದ್ರು?"

ಪುಸ್ತಕದಲ್ಲಿ ಅವರ ಬಗ್ಗೆ ಬರೆದಿಲ್ಲ ಎಂದೆ.

೯ ಸೆಪ್ಟೆಂಬರ್, ಭಾನುವಾರ

ನಾಟಕ ಮುಗಿಯಿತು. ರಾಜ ಸತ್ತಿದ್ದಾನೆ, ಪಟ್ಟಕ್ಕೆ ಬರಬೇಕಾದವನು ಇನ್ನೂ ತೊಟ್ಟಿಲಲ್ಲಿದ್ದಾನೆ. ಹಿರಿಯ ರಾಣಿಗೂ ಕೂಸಿನ ತಾಯಿಯಾದ ಕಿರಿಯ ರಾಣಿಗೂ ರಾಜ್ಯದ ಮುದ್ರೆಗಾಗಿ ಜಗಳ. ನಡುವೆ ಇಬ್ಬರಿಗೂ ಚಹಾ ಕೊಡುವ ಒಬ್ಬ ದಾಸಿ.

ಪುಷ್ಪಮ್ಮನವರಿಗೂ ಎಂಜಿನಿಯರಮ್ಮನಿಗೂ ಹಿರಿಯ ರಾಣಿಯ ಪಾರ್ಟೇ ಬೇಕು. ಕಿರಿಯವಳಿಗೆ ಮಾತು ಹೆಚ್ಚು, ಕೊನೆಯಲ್ಲಿ ಗೆಲ್ಲುವವಳೂ ಅವಳೇ ಎಂದು ಎಂಜಿನಿಯರಮ್ಮನಿಗೆ ಗುಟ್ಟಾಗಿ ಹೇಳಿದೆ. ಅವರು ಒಪ್ಪಿದರು. ನಿಮ್ಮ ಗಾಂಭೀರ್ಯ ಅವರಿಗೆಲ್ಲಿಂದ ಬರಬೇಕು, ಅದಕ್ಕೇ ಹಿಂದೆ ಸರಿದರು ಎಂದು ಪುಷ್ಪಮ್ಮನವರಿಗೆ ಹೇಳಿದೆ. ಅವರೂ ಅರಳಿದರು. ಎಷ್ಟು ಸುಲಭ! ದಾಸಿಯ ಪಾರ್ಟು ಯಾರಿಗೂ ಬೇಡವಾಗಿತ್ತು. ನಾನೇ ಇಟ್ಟುಕೊಂಡೆ.

೧೬ ಸೆಪ್ಟೆಂಬರ್, ಭಾನುವಾರ

ಪುಷ್ಪಮ್ಮನವರು ಮನೆಗೆ ಕರೆಸಿ ಕಾಫಿ ಕೊಟ್ಟರು. ಸ್ಟೀಲಿನ ಲೋಟದಲ್ಲಿ, ಒಳಗಿನ ಪಡಸಾಲೆಯಲ್ಲಿ ಕೂರಿಸಿ. ಇಲ್ಲಿಯವರೆಗೆ ಜಗುಲಿಯೇ ನನ್ನ ಜಾಗವಾಗಿತ್ತು. "ಆ ಮೈಸೂರಿನೋಳು ನನ್ನ ಬಗ್ಗೆ ಎಂತ ಹೇಳ್ತಾಳೆ, ಮುಚ್ಚುಮರೆ ಇಲ್ದೆ ಹೇಳೇ ಮೀನಾಕ್ಷಿ," ಎಂದರು. ಏನೂ ಹೇಳುವುದಿಲ್ಲ ಎಂದರೆ ನಂಬುತ್ತಿರಲಿಲ್ಲ. ಸ್ವಲ್ಪ ಹೇಳಿದೆ. ಎಲ್ಲ ಕನ್ನಕ್ಕನ ಕೋಣೆಗಾಗಿ. ಇಬ್ಬರೂ ನನ್ನನ್ನು ನಂಬಿದರೆ ತಾನೇ ನಾಳೆ ಅವಳ ಪರವಾಗಿ ಒಂದು ಮಾತಾಡಬಹುದು?

೩೦ ಸೆಪ್ಟೆಂಬರ್, ಭಾನುವಾರ

ಪುಸ್ತಕದ ಚಿತ್ರ ನೋಡಿ ಕನ್ನಕ್ಕ ಆರು ಚೀನಾ ನಿಲುವಂಗಿ ಹೊಲಿದಿದ್ದಾಳೆ. ಪುಷ್ಪಮ್ಮನವರ ಹಳೆಯ ಕೆಂಪು ರೇಷ್ಮೆ ಸೀರೆಗಳನ್ನು ಕತ್ತರಿಸಿದ್ದು. ತೋಳು ಎಷ್ಟು ಅಗಲವೆಂದರೆ ಒಳಗೆ ಒಂದು ಕೋಳಿ ಮಲಗಬಹುದು.

ಪುಸ್ತಕ ಓದೋಣ ಬಾರೇ ಎಂದು ಕರೆದಳು. ಎಂಜಿನಿಯರಮ್ಮನ ಕಾರು ಹೊರಗೆ ಕಾಯುತ್ತಿತ್ತು. ಇನ್ನೊಂದು ದಿನ ಎಂದೆ.

೧೪ ಅಕ್ಟೋಬರ್, ಭಾನುವಾರ

ಚುನಾವಣೆ ಗೆದ್ದೆವು!

ಪುಷ್ಪಮ್ಮನವರಿಗೆ ಹೇಳಿದ್ದೆ: ಎಂಜಿನಿಯರರಿಗೆ ಸಂಕ್ರಾಂತಿಯೊಳಗೆ ವರ್ಗವಂತೆ, ಈಗ ಜಗಳವಾಡಿ ಹೆಸರು ಕೆಡಿಸಿಕೊಳ್ಳುವುದೇಕೆ, ಒಂದು ವರ್ಷ ಎಲ್ಲರಿಗೂ ಹಿರಿಯರಾದ ವೆಂಕಮ್ಮಜ್ಜಿ ಅಧ್ಯಕ್ಷೆಯಾಗಲಿ. ಎಂಜಿನಿಯರಮ್ಮನಿಗೆ ಹೇಳಿದ್ದೆ: ಪುಷ್ಪಮ್ಮನವರಿಗೆ ಸಾಹುಕಾರರೇ ಸಾಕು ಬಿಡು ಅಂದಿದ್ದಾರೆ, ನೀವು ನಿಂತರೆ ಹಟಕ್ಕೆ ನಿಲ್ಲುತ್ತಾರೆ, ಈ ವರ್ಷ ವೆಂಕಮ್ಮಜ್ಜಿಗೆ ಬಿಟ್ಟುಬಿಡಿ, ಮುಂದಿನ ವರ್ಷ ಕುರ್ಚಿ ತಾನಾಗಿ ಬರುತ್ತದೆ. ಎರಡೂ ಪೂರ್ತಿ ಸುಳ್ಳಲ್ಲ. ವರ್ಗ ಯಾರಿಗಾದರೂ ಆಗಬಹುದು, ಗಂಡಂದಿರು ಏನಾದರೂ ಹೇಳಿಯೇ ಇರುತ್ತಾರೆ.

ಹೊಸ ಅಧ್ಯಕ್ಷೆ ವೆಂಕಮ್ಮಜ್ಜಿಗೆ ಎಪ್ಪತ್ತೆರಡು. ಒಂದು ಕಿವಿ ಕೇಳುವುದಿಲ್ಲ, ಇನ್ನೊಂದು ಸಭೆಯಲ್ಲಿ ನಿದ್ದೆ ಮಾಡುತ್ತದೆ. ಕಾರ್ಯದರ್ಶಿ ಈಗ ನಾನು. ಬೀಗದ ಕೈಗಳ ಗೊಂಚಲು ನನ್ನ ಸೊಂಟದಲ್ಲಿದೆ. ಪುಸ್ತಕದಲ್ಲಿಯೂ ಹೀಗೆಯೇ ಇದೆ, ರಾಣಿಯರು ಸಿಂಹಾಸನದ ಹಿಂದೆ ಪರದೆ ಕಟ್ಟಿ ಅದರಾಚೆ ಕೂತು ರಾಜ್ಯ ಆಳಿದರಂತೆ. ನೆನೆದು ನಗು ಬಂತು.

ಕೋಣೆ ಉಳಿಯಿತು ಎಂದು ಕನ್ನಕ್ಕನಿಗೆ ಹೇಳಿದೆ. ನನ್ನ ಕೈ ಹಿಡಿದುಕೊಂಡಳು. ಆಮೇಲೆ, "ಯಾರ್ಯಾರಿಗೆ ಎಂತೆಂತ ಹೇಳಿದ್ಯೇ ಇದಕ್ಕೆ?" ಎಂದಳು. ಒಳ್ಳೆಯದಾದಾಗ ಹಾಗೆಲ್ಲ ಕೇಳಬಾರದು.

೨೨ ಅಕ್ಟೋಬರ್, ಸೋಮವಾರ

ಚೀನಾದವರು ಗಡಿ ದಾಟಿ ಬಂದಿದ್ದಾರೆ. ಯುದ್ಧ. ಹೋಟೆಲಿನ ರೇಡಿಯೋ ಮುಂದೆ ರಸ್ತೆ ತುಂಬ ಜನ. ನಾಟಕದ ಮಾತು ಯಾರೂ ಎತ್ತಲಿಲ್ಲ, ಎತ್ತುವುದೂ ಬೇಡ. ಹಸ್ತಪ್ರತಿಯನ್ನು ಬಚ್ಚಲ ಒಲೆಗೆ ಹಾಕಿದೆ. "ಅಷ್ಟು ದಿನ ಬರ್ದಿದ್ದು ಹಂಗೇ ಸುಟ್ಯಾ?" ಎಂದು ಅವ್ವ ಕೇಳಿದಳು. ನಮ್ಮ ಸೈನ್ಯದ ಹುಡುಗರು ಹಿಮದಲ್ಲಿ ಬರಿಗಾಲಲ್ಲಿದ್ದಾರೆ ಎಂದು ಕೇಳಿ ಊಟ ಸೇರಲಿಲ್ಲ. ಇದು ನಿಜವಾದ ಸಂಕಟ, ಯಾರಿಗೂ ತೋರಿಸಲು ಬರೆದದ್ದಲ್ಲ.

೪ ನವೆಂಬರ್, ಭಾನುವಾರ

ಗಡಿಯ ಜವಾನರಿಗೆ ಬೆಚ್ಚನೆಯ ಅಂಗಿ, ಕಾಲುಚೀಲ ಮಾಡಿ ಕಳಿಸುವುದೆಂದು ನಾನೇ ಸೂಚಿಸಿದ್ದೆ. ಈಗ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಕನ್ನಮ್ಮ ನಡುವೆ ಕೂತಿರುತ್ತಾಳೆ, ಸುತ್ತ ಊರಿನ ದೊಡ್ಡ ಮನೆಯ ಹೆಂಗಸರೆಲ್ಲ. "ಕನ್ನಮ್ಮ, ಇದು ಸರೀನಾ ನೋಡಿ", "ಮೇಡಂ, ಈ ಹೆಣಿಗೇಲಿ ಎಷ್ಟು ಮನೆ ಬಿಡ್ಬೇಕು?" ಮೇಡಂ! ಪುಷ್ಪಮ್ಮನವರೂ ಎಂಜಿನಿಯರಮ್ಮನೂ ಒಂದೇ ಚಾಪೆಯ ಮೇಲೆ ಒಂದೇ ಉಣ್ಣೆಯ ಉಂಡೆ ಹಿಡಿದು ಕೂತಿದ್ದಾರೆ. ನಾನು ಹಾಜರಿ ಪುಸ್ತಕ ಹಿಡಿದು ಒಳಗೆ ಹೋದರೆ ಯಾರೂ ತಲೆ ಎತ್ತಲಿಲ್ಲ. ಹೊರಗಿನ ಹಾಲ್‌ನಲ್ಲಿ ನನ್ನ ಮೇಜು, ವೆಂಕಮ್ಮಜ್ಜಿಯ ಗೊರಕೆ, ಅಷ್ಟೇ.

ನನಗೆ ಹೊಟ್ಟೆಕಿಚ್ಚಲ್ಲ. ಕೋಣೆ ಉಳಿಸಿಕೊಟ್ಟವರು ಯಾರು ಎಂಬುದು ಒಂದು ಕ್ಷಣವಾದರೂ ನೆನಪಾಗಬೇಡವೇ? ಅದು ನೋವು.

೭ ನವೆಂಬರ್, ಬುಧವಾರ

ಇವತ್ತು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

"ಅಲ್ಲ, ನಿಮ್ಮ ಯಜಮಾನ್ರಿಗೆ ವರ್ಗ ಅಂತ ಸುದ್ದಿ ಇತ್ತಲ್ಲ?" ಪುಷ್ಪಮ್ಮನವರು.

"ವರ್ಗವಾ? ಇನ್ನೂ ಎರಡು ವರ್ಷ ಇಲ್ಲೇ ಅಂತ ಆರ್ಡರ್ ಇದೆ. ಯಾರು ಹೇಳಿದ್ದು ನಿಮಗೆ?"

ಕನ್ನಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಮರುಕ್ಷಣವೇ, "ಪುಷ್ಪಮ್ಮನೋರೆ, ನಿಮ್ಮ ಸಾಲು ತಪ್ಪಿ ಹೋತು, ಬಿಚ್ಚಿ ಬಿಚ್ಚಿ," ಎಂದು ಗದ್ದಲ ಮಾಡಿ ಮಾತು ತಿರುಗಿಸಿದಳು.

ನನ್ನನ್ನು ಉಳಿಸಿದಳು. ಅಂದರೆ ಅವಳಿಗೆ ಎಲ್ಲ ಗೊತ್ತಿದೆ. ಗೊತ್ತಿದ್ದವಳು ಇವತ್ತು ಮುಚ್ಚಿದಳು, ನಾಳೆ? ಆ ಕೋಣೆಯಲ್ಲಿ ಇಬ್ಬರೂ ದಿನವೂ ಹೀಗೆ ಮಾತಾಡುತ್ತ ಕೂತರೆ ನನ್ನ ಗತಿಯೇನು? ಆಮೇಲೆ ಶಾಲೆಗೆ ಹೋದರೂ ಪಾಠ ಮಾಡಲಾಗಲಿಲ್ಲ.

೯ ನವೆಂಬರ್, ಶುಕ್ರವಾರ

ಕನ್ನಮ್ಮನಿಗೆ ಯಾರು ಹೇಳಿದರೋ, ಆ ಚೀನಾ ನಿಲುವಂಗಿಗಳನ್ನು ಒಗೆದು ಸಮಾಜದ ಹಿತ್ತಿಲಲ್ಲಿ ಒಣಹಾಕಿದ್ದಾಳೆ. ಬಿಚ್ಚಿ ಜವಾನರ ಅಂಗಿಗೆ ಒಳಬಟ್ಟೆ ಕೊಡಲೆಂದು. ಆರು ಕೆಂಪು ಅಂಗಿಗಳು ತೋಳು ಚಾಚಿಕೊಂಡು ನಿಂತದ್ದನ್ನು ರಸ್ತೆಯವರು ನೋಡಿದರು. ಮಧ್ಯಾಹ್ನದೊಳಗೆ ಮಹಿಳಾ ಸಮಾಜದಲ್ಲಿ ಚೀನಾದವರು ಅಡಗಿದ್ದಾರೆ ಎಂದು ಬಸ್ ಸ್ಟ್ಯಾಂಡಿನವರೆಗೂ ಸುದ್ದಿ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ.

ಕಾನ್‌ಸ್ಟೇಬಲ್ ವಾಸಪ್ಪ ಶಾಲೆಗೇ ಬಂದ. "ಜನ ಒಂದ್ ನಮೂನಿ ಮಾತಾಡ್ತಿದಾರೆ ಟೀಚರಮ್ಮ. ಯಾರ್ದು ಆ ಅಂಗಿ?"

"ಹೊಲಿದವಳು ಕನ್ನಮ್ಮ. ಇಟ್ಟುಕೊಂಡವಳೂ ಅವಳೇ. ಒಣಹಾಕಿದವಳೂ ಅವಳೇ," ಎಂದೆ.

ಮೂರೂ ನಿಜ. ಯಾಕೆ ಹೊಲಿದದ್ದು ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ. ಕೇಳಲಿಲ್ಲ.

೧೧ ನವೆಂಬರ್, ಭಾನುವಾರ

ತುರ್ತುಸಭೆ. ಠರಾವನ್ನು ನಿನ್ನೆಯೇ ಬರೆದಿಟ್ಟುಕೊಂಡಿದ್ದೆ: ಸಾರ್ವಜನಿಕರ ಭಾವನೆಯನ್ನು ಗಮನಿಸಿ ಹೊಲಿಗೆ ತರಗತಿಯನ್ನು ನಿಲ್ಲಿಸಲಾಗಿದೆ, ಹಿಂದಿನ ಕೋಣೆಯನ್ನು ತೆರವು ಮಾಡಿಸಲಾಗುವುದು. ನಾಟಕದ ವಿಷಯ ಯಾರ ಬಾಯಲ್ಲೂ ಬರಲಿಲ್ಲ. ರಾಣಿಯರಾಗಿದ್ದವರಿಗೆ ತಮ್ಮ ತಮ್ಮ ಗಂಡಂದಿರ ಚಿಂತೆ, ಒಬ್ಬರಿಗೆ ಗಿರಣಿಯ ಲೈಸೆನ್ಸು, ಇನ್ನೊಬ್ಬರಿಗೆ ಸರ್ಕಾರಿ ನೌಕರಿ. ಎಲ್ಲರೂ ಉಣ್ಣೆ ಸುತ್ತುತ್ತ ನೆಲ ನೋಡಿದರು. ವೆಂಕಮ್ಮಜ್ಜಿ ಎದ್ದು, "ಎಲ್ಲಿ ಹಾಕ್ಬೇಕೇ ಸೈನು?" ಎಂದರು. ಬೆರಳಿಟ್ಟು ತೋರಿಸಿದೆ.

ಸಂಜೆ ಕನ್ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೂ ಜಗುಲಿಯಲ್ಲೇ ನಿಂತಳು. "ಇದು ನಾಟಕಕ್ಕೆ ಹೊಲಿಸಿದ್ದು ಅಂತ ನೀವು ಒಂದ್ಮಾತು ಹೇಳಿದ್ರೆ ಸಾಕಾಗಿತ್ತು ಅಮ್ಮ." ಈಗ ಬಹುವಚನದಲ್ಲಿ ಮಾತಾಡಿಸುತ್ತಾಳೆ. ಅಷ್ಟು ತಿಳಿವಳಿಕೆ ಬಂದದ್ದು ಒಳ್ಳೆಯದೇ.

"ಸಭೆಯ ತೀರ್ಮಾನ ಕನ್ನಮ್ಮ. ನನ್ನ ಕೈಯಲ್ಲಿ ಏನಿದೆ?" ಎಂದೆ.

ನನ್ನ ಸೊಂಟದ ಗೊಂಚಲನ್ನೊಮ್ಮೆ ನೋಡಿದಳು. "ಹೌದು, ನಿಮ್ಮ ಕೈಯಾಗೆ ಎಂತ ಇರ್ತದೆ," ಎಂದು ಹೊರಟುಹೋದಳು.

ವ್ಯಂಗ್ಯವೋ ಏನೋ. ಓದಿಲ್ಲದವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

೧೪ ನವೆಂಬರ್, ಬುಧವಾರ

ಬೆಳಿಗ್ಗೆ ಕನ್ನಮ್ಮ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿಗೆ ಹೋದಳಂತೆ. ಅಲ್ಲಿಂದ ಅರಳಸುರಳಿ. ಶಾಲೆಯಲ್ಲಿ ಮಕ್ಕಳ ದಿನಾಚರಣೆ, ನನಗೆ ಹೋಗಲಾಗಲಿಲ್ಲ. ಅವ್ವ ರೊಟ್ಟಿ ಕಟ್ಟಿಕೊಂಡು ಹೋಗಿದ್ದಳು. ಬಂದವಳು ನನ್ನೊಡನೆ ಮಾತಾಡಲಿಲ್ಲ. ಕನ್ನಮ್ಮ ಮಡಿಚಿಟ್ಟು ಹೋದ ಜವಾನರ ಅಂಗಿಗಳು ನಲವತ್ತೊಂದು. ರೈಲಿಗೆ ಕಳಿಸಲು ಏರ್ಪಾಡು ಮಾಡಿದೆ.

೨೫ ನವೆಂಬರ್, ಭಾನುವಾರ

ಗುಂಡಿನ ಸದ್ದು ನಿಂತಿದೆ ಎಂದು ರೇಡಿಯೋ ಹೇಳಿತು. ಇಲ್ಲಿಯೂ ಎಲ್ಲ ಒಂದು ಹದಕ್ಕೆ ಬಂದಿದೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ ಕಾರ್ಯದರ್ಶಿಯ ಕಚೇರಿ ಮಾಡಿದ್ದೇನೆ. ಬಾಗಿಲು ಸ್ವಲ್ಪ ತೆರೆದಿಟ್ಟರೆ ಹೊರಗಿನ ಹಾಲ್‌ನ ಮಾತೆಲ್ಲ ಕೇಳಿಸುತ್ತದೆ. ನಾನು ಹೊರಗೆ ಬಂದ ಕೂಡಲೇ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಮೊದಲು ಸಂತೆಯ ಹಾಗಿತ್ತು, ಈಗ ಶಿಸ್ತು ಬಂದಿದೆ.

ಕುಂಕುಮದ ಕ್ರಮವನ್ನೂ ಬರೆದಿಟ್ಟಿದ್ದೇನೆ. ಪ್ರತಿ ತಿಂಗಳು ಬದಲಾಗುತ್ತದೆ, ಯಾರಿಗೂ ಅನ್ಯಾಯವಿಲ್ಲ. ಈ ತಿಂಗಳ ಕುಂಕುಮದ ಹಿಂದಿನ ದಿನ ಪುಷ್ಪಮ್ಮನವರೂ ಎಂಜಿನಿಯರಮ್ಮನೂ ಬೇರೆ ಬೇರೆಯಾಗಿ ನಮ್ಮ ಮನೆಗೆ ಬಂದು ಹೋದರು. ಇಬ್ಬರಿಗೂ ಈಗ ಮತ್ತೆ ಎಣ್ಣೆ ಸೀಗೆಕಾಯಿ. ನನಗೆ ಪಾಪವೆನ್ನಿಸುತ್ತದೆ. ಈ ದೊಡ್ಡ ಮನೆಯ ಹೆಂಗಸರಿಗೆ ಒಂದು ಹಣೆಬೊಟ್ಟಿನ ಮೇಲೆ ಅದೆಷ್ಟು ಆಸೆ!

೧೩ ಡಿಸೆಂಬರ್, ಗುರುವಾರ

ಕನ್ನಮ್ಮನ ಕಾಗದ ಬಂದಿದೆ. ಯಾರ ಕೈಯಲ್ಲೋ ಬರೆಸಿದ್ದಾಳೆ.

"ಮಾತೋಶ್ರೀ ಮೀನಾಕ್ಷಮ್ಮನವರಿಗೆ ಕನ್ನಮ್ಮ ಮಾಡುವ ನಮಸ್ಕಾರ. ಇಲ್ಲಿ ಮೈದುನನ ಮನೆಯಲ್ಲಿ ಕೊಟ್ಟಿಗೆ ಪಕ್ಕ ಮಲಗುತ್ತಿದ್ದೇನೆ. ತೀರ್ಥಹಳ್ಳಿಯ ಹೊಲಿಗೆ ಶಾಲೆಯವರು ಕೆಲಸ ಕೊಡುತ್ತೇವೆ ಎಂದಿದ್ದಾರೆ, ಇರಲು ಜಾಗವೂ ಉಂಟು. ಆದರೆ ಸಾಗರದ ಸುದ್ದಿ ಅವರ ಕಿವಿಗೂ ಬಿದ್ದಿದೆ. ನಾನು ತಪ್ಪು ಮಾಡಿದವಳಲ್ಲ ಎಂದು ಸಮಾಜದಿಂದ ಎರಡು ಸಾಲಿನ ಚೀಟಿ ಬೇಕಂತೆ. ಸೋಮವಾರದೊಳಗೆ ತಲುಪದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ನಿಮ್ಮ ಹತ್ತಿರ ಬೇರೆ ಏನೂ ಕೇಳುವುದಿಲ್ಲ."

ಓದಿ ಕಣ್ಣು ತುಂಬಿತು. ಕೂಡಲೇ ಕೂತು ಬರೆದೆ. "ನಾಟಕಕ್ಕಾಗಿ ನನ್ನ ಸೂಚನೆಯಂತೆ" ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಇನ್ನೊಂದು ಹಾಳೆ ತೆಗೆದುಕೊಂಡೆ, ಅಲ್ಲಿಯೂ ಅದೇ ಜಾಗದಲ್ಲಿ ನಿಂತಿತು. ಮೂರನೆಯದರಲ್ಲಿ ಬೇರೆ ರೀತಿ ಶುರು ಮಾಡಿದೆ, ಆದರೆ ಹೇಗೆ ಬರೆದರೂ ಅಂಗಿ ಹೊಲಿಸಿದವರು ಯಾರು ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಈಗತಾನೇ ಎಲ್ಲ ತಣ್ಣಗಾಗಿದೆ, ಸಮಾಜದ ಹೆಸರಿನ ಪ್ರಶ್ನೆ.

ಅದೂ ಅಲ್ಲದೆ ಸಮಾಜದ ಕಾಗದದಲ್ಲಿ ಸಭೆಯ ಒಪ್ಪಿಗೆಯಿಲ್ಲದೆ ನಾನೊಬ್ಬಳೇ ಬರೆದುಕೊಡಲು ಬರುವುದಿಲ್ಲ. ಪಾಪ, ಇದೆಲ್ಲ ಅವಳಿಗೆ ಹೇಗೆ ಅರ್ಥವಾಗಬೇಕು. ಮುಂದಿನ ಸಭೆ ಜನವರಿ ಆರಕ್ಕೆ. ವಿಷಯಪಟ್ಟಿಯ ಕೊನೆಗೆ ಹೊಲಿಗೆಯವಳ ಅರ್ಜಿ ಎಂದು ಸೇರಿಸಿದ್ದೇನೆ. ಸಮಯ ಉಳಿದರೆ ಎತ್ತಿಕೊಳ್ಳಬಹುದು.